ಜೀರೋ ನೋಡ್ಕೊಳಿ

ಗಂಡಸಿ ರಸ್ತೆಯ ಪೆಟ್ರೋಲ್ ಬಂಕಿನಲ್ಲಿ ಎರಡು ಪಂಪುಗಳ ಪೈಕಿ ಒಂದನ್ನು ಕಿತ್ತು, ಆ ಜಾಗದಲ್ಲಿ ಎಲೆಕ್ಟ್ರಿಕ್ ಕಾರುಗಳಿಗೆ ಚಾರ್ಜ್ ಮಾಡುವ ಬಿಳಿಯ ಮಿಷನ್ ನಿಲ್ಲಿಸಿದರು. ಕಿತ್ತ ಪಂಪು ಗಿಡ್ಡಪ್ಪನದು. ಇಪ್ಪತ್ತು ವರ್ಷ ಅದರ ಪಕ್ಕದಲ್ಲೇ ನಿಂತು, ಬಂದ ಪ್ರತಿ ಗಾಡಿಯವನಿಗೂ "ಜೀರೋ ನೋಡ್ಕೊಳಿ ಸಾರ್" ಎಂದು ಹೇಳಿ ಎಣ್ಣೆ ಬಿಟ್ಟವನು ಅವನು.

"ಇದಕ್ಕೆ ಆಳು ಬೇಕೋ ಬೇಡ್ವೋ ನಂಗೂ ಗೊತ್ತಿಲ್ಲ ಗಿಡ್ಡಪ್ಪ," ಎಂದ ಮಾಲೀಕ ಶಶಿಕಿರಣ್. "ಇವತ್ತು ಸಂಜೆವರ್ಗೂ ನಿಂತ್ಕೊ. ಬೇಕು ಅನ್ಸಿದ್ರೆ ನೀನೇ ಇರು. ಇಲ್ಲಾಂದ್ರೆ ನಾನೇನೂ ಮಾಡೋಕಾಗಲ್ಲ."

ಮಿಷನ್ ಜೋಡಿಸಿದವನು ಗಿಡ್ಡಪ್ಪನ ಕೊರಳಿಗೆ ಒಂದು ಕಾರ್ಡು ನೇತುಹಾಕಿ ಹೋಗಿದ್ದ. ಮೊಬೈಲಿನಿಂದ ಸ್ಕ್ಯಾನ್ ಮಾಡಿ ಶುರು ಮಾಡಲು ಬಾರದವರಿಗೆ ಈ ಕಾರ್ಡು ತೋರಿಸಿ ಶುರು ಮಾಡಿಕೊಡಬೇಕಂತೆ. ಗಿಡ್ಡಪ್ಪ ಅದನ್ನು ಲಿಂಗದಕಾಯಿಯ ಹಾಗೆ ಅಂಗಿಯೊಳಗೆ ಇಟ್ಟುಕೊಂಡ.

ಬೆಳಿಗ್ಗೆಯೇ ಮಾಲೀಕನ ತಾಯಿ ಮಹದೇವಮ್ಮ ಪೂಜೆ ತಟ್ಟೆಯೊಂದಿಗೆ ಬಂದರು. ಅವರ ಕೈಯಿಂದ ವಿಭೂತಿ ಹಚ್ಚಿಸಿಕೊಳ್ಳದ ವಸ್ತು ಆ ಬಂಕಿನಲ್ಲಿ ಇರಲಿಲ್ಲ. ಚಕ್ರಕ್ಕೆ ಗಾಳಿ ತುಂಬುವ ಪೈಪಿನ ಮೇಲೂ ಮೂರು ಗೀರು ಇದ್ದವು. ಮಿಷನ್ನಿನ ಎದೆಯ ಮೇಲೆ ಕಪ್ಪು ಚುಕ್ಕೆಗಳ ಚೌಕವೊಂದನ್ನು ಕಂಡು ಅವರಿಗೆ ಸಮಾಧಾನವಾಯಿತು.

"ದೃಷ್ಟಿ ಆಗ್ದಂಗೆ ಯಂತ್ರ ಬರ್ಸವ್ರೆ ಕಣೋ. ಶಾಸ್ತ್ರ ಗೊತ್ತಿರೋರೇ ಮಾಡಿರೋದು," ಎಂದು ಅದರ ಮೇಲೆಯೇ ನೀರು ಕಲಸಿದ ವಿಭೂತಿಯನ್ನು ಮೂರು ಬೆರಳಲ್ಲಿ ಎಳೆದು, ನಡುವೆ ಕುಂಕುಮ ಇಟ್ಟರು. ಬಿಸಿಲಿಗೆ ಅದು ಸುಣ್ಣದಂತೆ ಕಚ್ಚಿಕೊಂಡಿತು.

ಮಧ್ಯಾಹ್ನದವರೆಗೆ ಒಂದು ಕಾರೂ ಬರಲಿಲ್ಲ. ಎಲೆಕ್ಟ್ರಿಕ್ ಸ್ಕೂಟರಿನವನೊಬ್ಬ ಬಂದ; ಪ್ಲಗ್ಗು ಹೊಂದದೆ ನೀರು ಕುಡಿದು ಹೋದ.

"ಏನ್ಲಾ ಗಿಡ್ಡ, ಹೆಣ ಕಾಯ್ದಂಗೆ ಕಾಯ್ತಾ ಇದೀಯ," ಎಂದ ಉಳಿದ ಪಂಪಿನ ಹುಚ್ಚಣ್ಣ, ಟ್ರ್ಯಾಕ್ಟರಿಗೆ ಡೀಸೆಲ್ ಬಿಡುತ್ತ. ಅವನ ಮುಂದೆ ಸಾಲು ಇತ್ತು.

ದಿನವೂ ಬಂಕಿನ ನೆರಳಲ್ಲಿ ಪೇಪರ್ ಓದುವ ನಿವೃತ್ತ ಮೇಷ್ಟ್ರು ದೇವೀರಪ್ಪ ಗಿಡ್ಡಪ್ಪನ ಪರ ವಹಿಸಿದರು. "ನಗ್ಬೇಡ ಕಣಯ್ಯ. ನಾವು ಉರಿಸೋ ಎಣ್ಣೇಲಿ ನೂರಕ್ಕೆ ಎಂಬತ್ತರ ಮೇಲೆ ಹೊರದೇಶದ್ದು. ಚೀನಾದವ್ರು ಸೋಲಾರ್ ಹಲಗೆ, ಬ್ಯಾಟ್ರಿ ಎಲ್ಲದ್ರಲ್ಲೂ ಮುಂದೆ ಹೋಗವ್ರೆ. ಈ ಪೈಪೋಟೀಲಿ ದೇಶ ಗೆಲ್ಬೇಕು ಅಂದ್ರೆ ಗಿಡ್ಡಪ್ಪನಂಥೋರು ಗಟ್ಟಿಯಾಗಿ ನಿಲ್ಬೇಕು."

"ನಿಂತೇ ಇವ್ನಿ ಸಾರ್, ಕಾರು ಬತ್ತಾ ಇಲ್ಲ," ಎಂದ ಗಿಡ್ಡಪ್ಪ.

ಮೇಷ್ಟ್ರು ತಮ್ಮ ಹಳೇ ಸ್ಕೂಟರಿಗೆ ನೂರು ರೂಪಾಯಿ ಪೆಟ್ರೋಲ್ ಹಾಕಿಸಿಕೊಂಡು ಊಟಕ್ಕೆ ಹೋದರು.

ಅಷ್ಟರಲ್ಲಿ ಕರೆಂಟು ಹೋಯಿತು. ಬಂಕಿನ ಡೀಸೆಲ್ ಜನರೇಟರು ಪಂಪನ್ನೂ ದೀಪಗಳನ್ನೂ ಎತ್ತುತ್ತಿತ್ತೇ ಹೊರತು ಮಿಷನ್ನನ್ನು ಎತ್ತಲಾರದು. ಹುಚ್ಚಣ್ಣನ ಪಂಪು ಗುರ್ ಎಂದಿತು. ಬಿಳಿಯ ಮಿಷನ್ ಕಣ್ಣು ಮುಚ್ಚಿತು.

"ನಿನ್ ಗಿಳಿ ಸತ್ತೋಯ್ತು ಕಣ್ಲಾ. ಬಾಯಿಗ್ ಒಂದ್ ಲೀಟ್ರು ಡೀಸೆಲ್ ಬಿಡ್ಲಾ?" ಎಂದ ಹುಚ್ಚಣ್ಣ.

ಪಕ್ಕದ ಟೀ ಅಂಗಡಿಯ ಹನುಮಕ್ಕ ಗಿಡ್ಡಪ್ಪನಿಗೊಂದು ಟೀ ಕೊಟ್ಟು, ಸಾವಿನ ಮನೆಗೆ ಬಂದವಳಂತೆ ಪಕ್ಕದಲ್ಲಿ ನಿಂತಳು.

ಬಿಸಿಲು ಇಳಿಯುವ ಹೊತ್ತಿಗೆ ಕರೆಂಟು ಬಂತು. ಅದರ ಹಿಂದೆಯೇ ಸದ್ದಿಲ್ಲದೆ ಕಾರೊಂದು ಬಂತು. ಹಳೇಬೀಡಿಗೆ ಹೊರಟಿದ್ದ ಹುಡುಗಿ ಇಳಿದು ಮೊಬೈಲನ್ನು ವಿಭೂತಿಯ ಚೌಕದ ಮುಂದೆ ಹಿಡಿದಳು. ಹತ್ತಿರ ಹಿಡಿದಳು, ದೂರ ಹಿಡಿದಳು, ಓರೆಯಾಗಿ ಹಿಡಿದಳು.

"ತಗೊಳ್ತಾನೇ ಇಲ್ಲ. ಯಾರಾದ್ರೂ ಇದಾರಾ ಇಲ್ಲಿ?"

ಆ ಮಾತಿಗಾಗಿಯೇ ಬೆಳಗಿನಿಂದ ಕಾದಿದ್ದ ಗಿಡ್ಡಪ್ಪ ಕೊರಳ ಕಾರ್ಡು ತೆಗೆದು ಮಿಷನ್ನಿಗೆ ತೋರಿಸಿದ. ಪರದೆ ಬೆಳಗಿತು.

"ಜೀರೋ ನೋಡ್ಕೊಳಿ ಮೇಡಂ."

ಹುಡುಗಿ ನಕ್ಕು ಟೀ ಕುಡಿಯಲು ಹೋದಳು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಶಶಿಕಿರಣ್ ತಲೆದೂಗಿದ. "ಆಳು ಬೇಕೇ ಬೇಕು ಕಣಯ್ಯ. ನಾಳೆಯಿಂದ ಬಾ."

ಗಿಡ್ಡಪ್ಪನ ಕೈ ಸುಮ್ಮನಿರಲಿಲ್ಲ. ಖುಷಿಯಾದರೆ ಗಾಜು ಒರೆಸುವುದು ಅವನ ಹಳೇ ಅಭ್ಯಾಸ. ಹುಡುಗಿಯ ಕಾರಿನ ಗಾಜು ಒರೆಸಿದ. ಕನ್ನಡಿ ಒರೆಸಿದ. ಅದೇ ಒದ್ದೆ ಬಟ್ಟೆಯಲ್ಲಿ, ಇನ್ನು ತನ್ನದೇ ಆದ ಮಿಷನ್ನನ್ನು, ಮಗುವಿನ ಮುಖ ತೊಳೆದಂತೆ ಮೇಲಿನಿಂದ ಕೆಳಗೆ ಉಜ್ಜಿದ. ಕಪ್ಪು ಚೌಕ ಫಳಫಳ ಹೊಳೆಯಿತು.

ಮೊದಲ ಕಾರು ಹೋಗುತ್ತಲೇ ಎರಡನೆಯದು ಬಂತು. ಇಳಿದವನು ಕಿವಿಯಲ್ಲಿ ಏನೋ ಸಿಕ್ಕಿಸಿಕೊಂಡು ಮಾತಾಡುತ್ತಲೇ ಇದ್ದ. ಮಾತು ನಿಲ್ಲಿಸದೆ ಮೊಬೈಲನ್ನು ಚೌಕದ ಮುಂದೆ ಒಮ್ಮೆ ಆಡಿಸಿದ. ಟಿಣ್ ಎಂದಿತು. ತಾನೇ ಪೈಪು ಸಿಕ್ಕಿಸಿ ಟೀ ಅಂಗಡಿಯತ್ತ ನಡೆದ.

"ಜೀರೋ ನೋಡ್ಕೊಳಿ ಸಾರ್," ಎಂದ ಗಿಡ್ಡಪ್ಪ, ಅವನ ಬೆನ್ನಿಗೆ.

ಶಶಿಕಿರಣ್ ಹತ್ತಿರ ಬಂದು ಸ್ವಲ್ಪ ಹೊತ್ತು ಪರದೆ ನೋಡಿದ. ಆಮೇಲೆ ಒರೆಸುವ ಬಟ್ಟೆಯನ್ನೂ ನೋಡಿದ.

"ಆ ಕಾರ್ಡು ಕೊಟ್ಬಿಡು ಗಿಡ್ಡಪ್ಪ."

ಕಾರ್ಡು ತೆಗೆದುಕೊಂಡು ಅವನು ಒಳಗೆ ಹೋದ. ಸ್ವಲ್ಪ ಹೊತ್ತಿಗೆ ದೀಪ ಹಚ್ಚಲು ಮಹದೇವಮ್ಮ ತಟ್ಟೆ ಹಿಡಿದು ಒಳಗಿನಿಂದ ಬರುತ್ತಿದ್ದರು. ಗಿಡ್ಡಪ್ಪ ಓಡಿಹೋಗಿ ಅಡ್ಡ ನಿಂತ.

"ಅಮ್ಮಾವ್ರೇ, ಬೆಳಿಗ್ಗೆ ಹಚ್ಚಿದ್ರಲ್ಲ, ಹಂಗೇ ಇನ್ನೊಂದ್ಸಲ ವಿಭೂತಿ ಹಚ್ಬೇಕು. ದಪ್ಪಕೆ."

"ಅದಕ್ಕೇನಂತೆ, ಬಾರಪ್ಪ," ಎಂದು ಮಹದೇವಮ್ಮ ಮೂರು ಬೆರಳು ಅದ್ದಿ, ಅವನ ಹಣೆಯ ಮೇಲೆ ದಪ್ಪಗೆ ಎಳೆದರು. "ಕೆಲ್ಸ ಹೋಯ್ತಂತೆ, ಶಶಿ ಹೇಳ್ದ. ಒಳ್ಳೇದಾಗ್ಲಿ ಹೋಗು."