ಅತ್ತೆಯ ಕಣ್ಣಿಗೊಂದು ತಮಿಳು ಸಿನಿಮಾ

ಹಳೆಯ ತಮಿಳು ಸಿನಿಮಾದಿಂದ ವಾಸಿಯಾಗದ ಕಾಯಿಲೆ ಈ ಲೋಕದಲ್ಲಿ ಇಲ್ಲವೇ ಇಲ್ಲ! ಇದು ನನ್ನ ಬಹುಕಾಲದ ಸಿದ್ಧಾಂತ. ಡಾಕ್ಟರು ಸೋತ ಕಡೆ, ಆಶಾ ಕಾರ್ಯಕರ್ತೆ ಸೋತ ಕಡೆ, ಹೆತ್ತ ಮಗಳೇ ಕೈಚೆಲ್ಲಿ ಕೂತ ಕಡೆ, ಒಂದೇ ಒಂದು ಕಪ್ಪು ಬಿಳುಪು ಸಿನಿಮಾದಿಂದ ನಾನು ಗೆದ್ದು ತೋರಿಸುತ್ತೇನೆಂದು ಮೊನ್ನೆ ಭಾನುವಾರ ಚಳ್ಳಕೆರೆಯ ನಮ್ಮ ಮನೆಯ ನಡುಮನೆಯಲ್ಲಿ ಎದ್ದು ನಿಂತು ಘೋಷಿಸಿದೆ. ಎದ್ದು ನಿಂತು ಎಂದೆನಲ್ಲ, ಅದು ಸುಳ್ಳು. ಗೋಡೆಗೆ ಒರಗಿ ಕೂತು ಘೋಷಿಸಿದೆ. ನಿಲ್ಲುವಷ್ಟು ಶಕ್ತಿ ಮೈಯಲ್ಲಿ ಇರಲಿಲ್ಲ.

ಯಾಕೆಂದರೆ ನಾನು ಬೋರ್‌ವೆಲ್ ಏಜೆಂಟು. ತಮಿಳುನಾಡಿನಿಂದ ಬರುವ ಬೋರ್ ಲಾರಿಗಳನ್ನು ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಹೊಲಗಳಿಗೆ ಕರೆದೊಯ್ದು ನಿಲ್ಲಿಸುವುದು ನನ್ನ ಕಸುಬು. ಲಾರಿ ಒಮ್ಮೆ ಕೊರೆಯಲು ಶುರು ಮಾಡಿದರೆ ಊಟ, ನಿದ್ದೆ ಎಲ್ಲಕ್ಕೂ ರಜೆ. ಹಿಂದಿನ ದಿನವೆಲ್ಲ ಸಿದ್ದಾಪುರದ ಬಂಡೆಗಳ ನಡುವೆ ಕೊರೆಸಿ, ತಲೆಯಿಂದ ಕಾಲಿನವರೆಗೆ ಕಲ್ಲಿನ ಹಿಟ್ಟು ಮೆತ್ತಿಕೊಂಡು, ಕಿವಿಯಲ್ಲಿ ಇನ್ನೂ ಕಂಪ್ರೆಸರಿನ ಸದ್ದು ಇಟ್ಟುಕೊಂಡೇ ಮನೆಗೆ ಬಂದಿದ್ದೆ. "ನಿಮ್ಮದು ಬೋರ್ ಹೊಡೆಸೋ ಕೆಲಸ. ಹೊಲದಾಗೂ ಅದೇ, ಮನೇಲೂ ಅದೇ" ಎನ್ನುವುದು ನನ್ನ ಹೆಂಡತಿ ಮಾಲಾಳ ಅಭಿಪ್ರಾಯ.

ಆ ಲಾರಿಯವರಿಂದಲೇ ನನಗೆ ತಮಿಳು ಬಂದದ್ದು. ನೀರು, ಕಲ್ಲು, ಪೈಪು, ಸಾಂಬಾರು, ಮತ್ತು ಡ್ರಿಲ್ ಸಿಕ್ಕಿಹಾಕಿಕೊಂಡಾಗ ಬೈಯುವ ಬೈಗುಳ. ಇಷ್ಟರಲ್ಲಿ ನಾನು ಪಂಡಿತ! ಹಳೆಯ ಸಿನಿಮಾಗಳ ಹುಚ್ಚನ್ನು ಹತ್ತಿಸಿದವನೂ ಲಾರಿಯ ಅಡುಗೆಯವನೇ. ಎಂಥ ಸಿನಿಮಾಗಳು ಸ್ವಾಮಿ! ಗುಂಡೇಟು ತಿಂದ ನಾಯಕ ಒಂದು ಪುಟ ಮಾತಾಡಿಯೇ ಸಾಯುತ್ತಾನೆ. ಅವನ ಮಾತು ಮುಗಿಯುವವರೆಗೆ ಯಮನೂ ಬಾಗಿಲಲ್ಲಿ ಕಾಯುತ್ತಾನೆ. ಎತ್ತಿನ ಗಾಡಿಯೊಂದಕ್ಕೆ ಜಗಳವಾಡಿ ಬೇರೆಯಾದ ಅಣ್ಣ ತಮ್ಮ ಅದೇ ಗಾಡಿಯ ಗಾಲಿ ಹಿಡಿದು ಅತ್ತರೆ, ನೋಡುವ ಎತ್ತಿನ ಕಣ್ಣಲ್ಲೂ ನೀರು. ದಣಿದು ಬಂದವನಿಗೆ ಇವಕ್ಕಿಂತ ಬೇರೆ ಔಷಧವಿಲ್ಲ. ಎಷ್ಟು ಸಲ ನೋಡಿದರೂ ಮತ್ತೊಮ್ಮೆ ನೋಡಬೇಕು ಎನಿಸುತ್ತದೆ.

ಇನ್ನು ಕಾಯಿಲೆಯ ವಿಷಯ. ನನ್ನ ಅತ್ತೆ ಹುಚ್ಚಕ್ಕನವರು ಬಿ.ಜಿ. ಕೆರೆಯವರು. ಯುಗಾದಿಯಿಂದ ನಮ್ಮಲ್ಲೇ ಇದ್ದಾರೆ. ಎರಡೂ ಕಣ್ಣಿಗೆ ಪೊರೆ ಬಂದು, ಎದುರಿಗೆ ಬಂದದ್ದು ಆಡೋ ಅಳಿಯನೋ ತಿಳಿಯದಷ್ಟು ಮಂಜು. ಹೋದ ವಾರ ಒಲೆಯ ಮುಂದೆ ಅವರ ಸೆರಗಿಗೆ ಬೆಂಕಿ ತಗುಲಿತು. ಮಾಲಾ ಹತ್ತಿರದಲ್ಲೇ ಇದ್ದಳು, ನೀರು ಸುರಿದು ಆರಿಸಿದಳು. ಆಮೇಲೆ ಹಿತ್ತಲಿಗೆ ಹೋಗಿ ಒಬ್ಬಳೇ ಕೂತು ಅತ್ತದ್ದನ್ನು ನಾನು ನೋಡಿದೆ. ಆವತ್ತು ನನಗೂ ಊಟ ಸೇರಲಿಲ್ಲ.

ಸೋಮವಾರ ಕಣ್ಣಿನ ಕ್ಯಾಂಪಿನ ವ್ಯಾನು ಬರುವುದಿತ್ತು. ಕರೆದುಕೊಂಡು ಹೋಗಿ, ಆಪರೇಷನ್ ಮಾಡಿಸಿ, ತಂದು ಬಿಡುತ್ತಾರೆ. ಅತ್ತೆ ಮಾತ್ರ ಜಪ್ಪಯ್ಯ ಎಂದರೂ ಒಪ್ಪಲೊಲ್ಲರು.

"ಕಣ್ಣಿಗೆ ಕತ್ತಿ ಹಾಕಿಸ್ಕಂತೀನಾ ನಾನು? ಅಳಿಯಂದ್ರಿಗೆ ಹೇಳಮ್ಮಾ, ನಾನು ಬರಲ್ಲ ಅಂತ" ಎಂದರು ಅಡುಗೆಮನೆಯ ಬಾಗಿಲ ಮರೆಯಿಂದ.

ಅಳಿಯನಾದ ನಾನು ಮೂರು ಮಾರು ದೂರದಲ್ಲಿ ಕೂತು ಕೇಳಿಸಿಕೊಳ್ಳುತ್ತಲೇ ಇದ್ದೆ. ಆದರೆ ನಮ್ಮ ಅತ್ತೆ ಹಳೆಯ ಪದ್ಧತಿಯವರು. ಅಳಿಯನ ಎದುರು ಕೂರುವುದಿಲ್ಲ, ಅಳಿಯನ ಜತೆ ನೇರವಾಗಿ ಮಾತಾಡುವುದಿಲ್ಲ. ಮದುವೆಯಾದಾಗಿನಿಂದ ಅವರ ಮಾತೆಲ್ಲ ಮಾಲಾಳ ಮೂಲಕವೇ ನನಗೆ ತಲುಪಬೇಕು, ನನ್ನದೂ ಹಾಗೆಯೇ ಹಿಂದಕ್ಕೆ ಹೋಗಬೇಕು.

"ಮಾಲಾ, ಅತ್ತೆಗೆ ಹೇಳು. ಕುರುಡಿ ತಾಯಿ ಸಿನಿಮಾ ಒಂದೈತೆ. ಅವಳಿಗೆ ಆಪರೇಷನ್ ಆಗಿ ಕಣ್ಣು ಬರುತ್ತೆ. ಮಧ್ಯಾಹ್ನ ಹಾಕ್ತೀನಿ. ಅದನ್ನ ನೋಡಿ ನಾಳೆ ಅವರೇ ಬಟ್ಟೆಬರೆ ಕಟ್ಕಂಡು ವ್ಯಾನು ಹತ್ತಲಿಲ್ಲ ಅಂದ್ರೆ ನನ್ನ ಹೆಸರು ಓಬಳೇಶ್ ಅಲ್ಲ!"

"ಅವ್ವಗೆ ತಮಿಳೂ ಬರಲ್ಲ, ಪರದೇನೂ ಕಾಣಲ್ಲ. ಏನು ನೋಡ್ತಾಳೆ?"

"ನಾನಿದ್ದೀನಲ್ಲ! ಮಾತು ಮಾತಿಗೂ ಅರ್ಥ ಹೇಳ್ತೀನಿ."

"ನಿದ್ದೆ ಮಾಡ್ರಿ ಸುಮ್ನೆ" ಎಂದಳು ಮಾಲಾ. ಇಡೀ ದಿನದಲ್ಲಿ ಯಾರಾದರೂ ಆಡಿದ ಬುದ್ಧಿವಂತಿಕೆಯ ಮಾತು ಅದೊಂದೇ.

ಊಟವಾದ ಮೇಲೆ ಟೀವಿಯಲ್ಲಿ ಸಿನಿಮಾ ಹಾಕಿದೆ. ತಮಿಳು ಸದ್ದು ಕೇಳಿ ಪಕ್ಕದ ಮನೆಯ ನಿಂಗಕ್ಕ ಕಡಲೆಕಾಯಿ ಮೊರದ ಸಮೇತ ಬಂದು ಕೂತಳು. ಹಿಂದೆಯೇ ಬೀದಿಯ ಮತ್ತಿಷ್ಟು ಹೆಂಗಸರು. ಅತ್ತೆ ಅಡುಗೆಮನೆಯಲ್ಲಿ ಬಾಗಿಲಿಗೆ ಬೆನ್ನು ಕೊಟ್ಟು ಕೂತರು. ಹೀಗಾಗಿ ಮುಂದೆ ಕೂತವರಿಗೆ ಚಿತ್ರ ಕಾಣುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ಹಿಂದೆ ಕೂತವರಿಗೆ ಸದ್ದು ಕೇಳುತ್ತಿತ್ತು, ಚಿತ್ರವೇ ಇರಲಿಲ್ಲ. ನಡುವೆ ನಾನು, ಎರಡು ಗಾಡಿಗೆ ಒಂದೇ ಎತ್ತು.

ಮೊದಲರ್ಧ ನನ್ನ ಜೀವಮಾನದ ಸಾಧನೆ! ತಾಯಿ ದೇವಸ್ಥಾನದ ಮುಂದೆ ಹೂ ಕಟ್ಟಿ ಮಾರುತ್ತಾಳೆ ಎಂದೆ. ಮಗ ಪಟ್ಟಣಕ್ಕೆ ಹೋದ, ಅತ್ತತ್ತು ಅವಳ ಕಣ್ಣು ಹೋಯಿತು ಎಂದೆ. ಮಗ ಇನ್ಸ್‌ಪೆಕ್ಟರ್ ಆಗಿ ಬಂದ, ದೊಡ್ಡ ಡಾಕ್ಟರನ್ನು ಕರೆತಂದ ಎಂದೆ. ನಿಂಗಕ್ಕ ಕಡಲೆಕಾಯಿ ಸುಲಿಯುವುದನ್ನು ಮರೆತು ಮೂಗು ಒರೆಸಿಕೊಂಡಳು. ಅಡುಗೆಮನೆಯಿಂದ "ಆಪರೇಷನ್ನಾಗೆ ನೋವಾತಂತಾ ಕೇಳಮ್ಮಾ" ಎಂದು ಪ್ರಶ್ನೆ ಬಂತು. "ಇರುವೆ ಕಚ್ಚಿದಷ್ಟೂ ಇಲ್ಲವಂತೆ ಎಂದು ಹೇಳು" ಎಂದೆ. ಮಾಲಾ ನನ್ನ ಕಡೆ ನೋಡಿದ ನೋಟದಲ್ಲಿ, ಸುಳ್ಳು ಹೇಳಬಾರದು, ಸ್ವಲ್ಪ ಗೌರವವೇ ಇತ್ತು.

ಡಾಕ್ಟರು ತಾಯಿಯ ಕಣ್ಣಿನ ಪಟ್ಟಿ ಬಿಚ್ಚತೊಡಗಿದರು. ಒಂದು ಸುತ್ತು. ಪಿಟೀಲು. ಇನ್ನೊಂದು ಸುತ್ತು. ಮತ್ತಷ್ಟು ಪಿಟೀಲು. ಆಗ ನನಗೆ ಹೊಳೆಯಿತು. ಇಲ್ಲಿಂದ ಮುಂದಿನ ಕಥೆ ನನಗೆ ಗೊತ್ತಿಲ್ಲ!

ಹೌದು ಸ್ವಾಮಿ. ಇಷ್ಟು ಸಲ ನೋಡಿದ ಸಿನಿಮಾ, ಪ್ರತಿ ಸಲವೂ ಅವಳ ಪಟ್ಟಿ ಬಿಚ್ಚುವ ಹೊತ್ತಿಗೆ ನನ್ನ ಕಣ್ಣು ಮುಚ್ಚಿರುತ್ತಿತ್ತು. ದುಡಿದು ಬಂದ ಮೈ, ಮೆಲ್ಲಗೆ ಎಳೆಯುವ ಪಿಟೀಲು, ಇನ್ನೇನಾಗುತ್ತದೆ? ಕಣ್ಣು ಬಂದ ಮೇಲೆ ತಾಯಿ ಮಗ ಸುಖವಾಗಿದ್ದರು ಎಂದು ನಿದ್ದೆಯಲ್ಲೇ ತೀರ್ಮಾನಿಸಿಕೊಂಡಿದ್ದೆ. ಈ ದಿನ ಮಾತಾಡುತ್ತಲೇ ಇದ್ದುದರಿಂದ ಹಾಳು ನಿದ್ದೆ ಬರಲಿಲ್ಲ.

ತಾಯಿ ಕಣ್ಣು ಬಿಟ್ಟಳು. ಎದುರಿಗೆ ಮಗ. ಅವನ ಎರಡು ಪಕ್ಕದಲ್ಲಿ ಪೊಲೀಸರು. ಮಗ ಇನ್ಸ್‌ಪೆಕ್ಟರಲ್ಲ, ಕಳ್ಳ! ತಾಯಿ ಕಿಟಾರನೆ ಕಿರುಚಿದಳು.

"ಏನಾತಂತೆ?" ಎಂದಿತು ಅಡುಗೆಮನೆ.

"ಸಂತೋಷ! ಕಣ್ಣು ಬಂತಲ್ಲ, ಸಂತೋಷಕ್ಕೆ ಕೂಗಿದಳು!"

"ಅಲ್ಲಾ ಓಬಳೇಶಣ್ಣ, ಅವನ ಕೈಗೆ ಬೇಡಿ ಹಾಕವ್ರಲ್ಲ?" ನಿಂಗಕ್ಕನ ಪ್ರಶ್ನೆ.

"ಬೇಡಿ ಅಲ್ಲ ನಿಂಗಕ್ಕ, ವಾಚು."

"ಎರಡು ಕೈಗೂ ವಾಚಾ?"

"ಆಗಿನ ಕಾಲದ ಫ್ಯಾಷನ್ನು!"

"ಪೊಲೀಸ್ನೋರು ಯಾಕೆ ಹಿಡ್ಕಂಡವ್ರೆ?"

"ದೊಡ್ಡ ಡಾಕ್ಟರು ಬಂದವ್ರಲ್ಲ, ಬಂದೋಬಸ್ತು!"

ಅಷ್ಟರಲ್ಲಿ ತಾಯಿ ದೇವಸ್ಥಾನಕ್ಕೆ ಓಡಿ ಕಂಬಕ್ಕೆ ಹಣೆ ಚಚ್ಚಿಕೊಳ್ಳತೊಡಗಿದಳು. ಹಳೆಯ ಸಿನಿಮಾದವರಿಗೆ ಎಲ್ಲವೂ ಜೋರು, ನಮ್ಮ ಟೀವಿ ನಡುಗುವಂತೆ ಧಡ್ ಧಡ್ ಎಂದಿತು.

"ಅದೇನು ಸದ್ದು ಕೇಳಮ್ಮಾ?"

"ಹರಕೆ ತೀರಿಸ್ತಿದ್ದಾಳೆ ಅಂತ ಹೇಳು ಮಾಲಾ! ಕಣ್ಣು ಬಂದದ್ದಕ್ಕೆ ಈಡುಗಾಯಿ ಹೊಡೀತಿದ್ದಾಳೆ!"

"ಎಲ್ಲೈತೆ ಕಾಯಿ?" ನಿಂಗಕ್ಕ ಮೊರ ಪಕ್ಕಕ್ಕಿಟ್ಟು ಎದ್ದೇ ನಿಂತಳು. "ಹಣೆ ಹೊಡ್ಕಂತಾ ಅವ್ಳೆ! ರಕ್ತ ಬರ್ತೈತೆ!"

"ಅದು ಕುಂಕುಮ!"

"ಹಂಗೆ ಸೋರ್ತೈತಾ ಕುಂಕುಮ?"

ನನಗೆ ಬೆವರು. ಬಂಡೆಯಲ್ಲಿ ಡ್ರಿಲ್ ಸಿಕ್ಕಿಕೊಂಡಾಗಲೂ ನಾನು ಇಷ್ಟು ಬೆವರಿದವನಲ್ಲ. ರಿಮೋಟಿಗೆ ತಡಕಾಡಿದೆ. ಅದು ನಿಂಗಕ್ಕನ ಕಡಲೆಕಾಯಿ ಸಿಪ್ಪೆಯಡಿ ಎಲ್ಲೋ ಸಮಾಧಿಯಾಗಿತ್ತು. ಪರದೆಯ ಮೇಲೆ ತಾಯಿ ಆಕಾಶಕ್ಕೆ ಕೈಯೆತ್ತಿ, ಆ ಕಾಲದ ನಟಿಯರಿಗೆ ಮಾತ್ರ ಸಾಧ್ಯವಾದ ದನಿಯಲ್ಲಿ, "ವೇಂಡಾಂ! ಇಂದ ಕಣ್ಣೇ ವೇಂಡಾಂ!" ಎಂದು ಗೋಳಿಟ್ಟಳು.

"ಇಂಥ ಕಣ್ಣು ಎಲ್ಲರಿಗೂ ಕೊಡಪ್ಪಾ ದೇವರೇ ಅಂತ ಬೇಡ್ತಿದ್ದಾಳೆ" ಎಂದೆ.

ಅಡುಗೆಮನೆಯಿಂದ ನಿಧಾನವಾಗಿ ಮಾತು ಬಂತು.

"ಮಾಲಾ, ನನ್ನ ಕಣ್ಣು ಕಾಣೋ ಕಾಲದಾಗೆ ಬೋರ್ ಲಾರಿಯೋರು ನಮ್ಮ ಜಗುಲಿ ಮ್ಯಾಲೆ ಉಣ್ಣುವಾಗ ನಾನು ಸಾರು ಬಿಡಾಕೆ ಹೋದ್ರೆ ತಟ್ಟೆಗೆ ಕೈ ಅಡ್ಡ ಹಿಡಿದು ವೇಂಡಾಂ ವೇಂಡಾಂ ಅಂತಿದ್ರು. ವೇಂಡಾಂ ಅಂದ್ರೆ ಬ್ಯಾಡ ಅಂತ ತಾನೇ?"

ನನ್ನ ಬದಲು ನಿಂಗಕ್ಕ ಮಾತಾಡಿದಳು. "ಅಯ್ಯೋ ಶಿವನೇ! ಬಿಚ್ಚಿದ ಪಟ್ಟೀನ ಮತ್ತೆ ಕಣ್ಣಿಗೆ ಕಟ್ಕಂಡ್ಳಲ್ರೇ! ಹುಚ್ಚಕ್ಕಾ, ನೀನಂತೂ ಹೋಗ್ಬ್ಯಾಡ ಕಣೇ ಆ ಆಪರೇಷನ್ನಿಗೆ!"

ಸಿನಿಮಾ ಮುಗಿಯಿತು. ಹೆಂಗಸರು ಕಣ್ಣೊರೆಸಿಕೊಂಡು ಮನೆಗೆ ಹೋದರು. ಮಾಲಾ ಕಡಲೆಕಾಯಿ ಸಿಪ್ಪೆ ಗುಡಿಸಿದಳು, ರಿಮೋಟು ಸಿಕ್ಕಿತು, ಅದನ್ನು ನನ್ನ ಮುಂದೆ ಇಟ್ಟಳು.

"ಕಾಲು ಹಿಡಿದಾದ್ರೂ ಒಪ್ಪಿಸ್ತಿದ್ದೆ ನಾನು. ಈಗ ಸತ್ರೂ ಒಪ್ಪಲ್ಲ ಅವ್ವ."

"ಸಿನಿಮಾ ಒಳ್ಳೇದೇ ಕಣೇ. ಕೊನೆ ಮಾತ್ರ..."

"ಮುಂದಿನ ಸಲ ಸೆರಗಿಗೆ ಬೆಂಕಿ ಹತ್ತಿದಾಗ ನಾನು ಮನೇಲಿಲ್ದೆ ಇದ್ರೆ? ಆವಾಗ ಏನು ಅರ್ಥ ಹೇಳ್ತೀರಿ?"

ನಾನು ರಿಮೋಟು ಎತ್ತಿ ಟೀವಿ ಆರಿಸಿದೆ. ಅಷ್ಟು ದಣಿದಿದ್ದರೂ ಹಾಸಿಗೆಗೆ ಬಿದ್ದ ಮೇಲೆ ನಿದ್ದೆ ಹತ್ತಿರ ಸುಳಿಯಲಿಲ್ಲ.

ಬೆಳಿಗ್ಗೆ ಕ್ಯಾಂಪಿನ ವ್ಯಾನು ಬಂದು ಹಾರನ್ ಹೊಡೆಯಿತು. ಗೇಟಿನ ಹತ್ತಿರ ಹೋಗಿ, ತಲೆ ಕೆರೆದುಕೊಂಡು, "ನಮ್ಮ ಅತ್ತೆ ಬರಲ್ಲಂತಪ್ಪಾ" ಎಂದು ಡ್ರೈವರಿಗೆ ಹೇಳುತ್ತಿದ್ದೆ.

"ನಿಲ್ಸಪ್ಪಾ ವ್ಯಾನು!"

ತಿರುಗಿ ನೋಡಿದೆ. ಅತ್ತೆ! ಇಳಕಲ್ ಸೀರೆ, ಕೈಯಲ್ಲಿ ಬಟ್ಟೆ ಚೀಲ. ಮಾಲಾ ಹಿಂದೆ ಬಾಯಿ ಬಿಟ್ಟುಕೊಂಡು ನಿಂತಿದ್ದಾಳೆ. ಅತ್ತೆ ಗೋಡೆ ಸವರುತ್ತ ಅಂಗಳ ದಾಟಿ ಬಂದರು, ನನ್ನ ಹತ್ತಿರ ನಿಂತರು, ಸೆರಗು ಸರಿಪಡಿಸಿಕೊಂಡು ಬಾಯಿ ತೆರೆದರು.

"ಅಳಿಯಂದ್ರೇ."

ಮದುವೆಯಾದಾಗಿನಿಂದ ನನಗೇ ಎಂದು ಆಡಿದ ಮೊದಲ ಮಾತು! ಮಂಜುಗಣ್ಣಿನ ದೆಸೆಯಿಂದ ಅದನ್ನು ನನ್ನ ಪಕ್ಕದ ಗೇಟಿನ ಕಂಬಕ್ಕೆ ಹೇಳಿದರು, ಅದು ಬೇರೆ ವಿಷಯ. ನನ್ನ ಎದೆ ಉಬ್ಬಿತು. "ನೋಡಿದ್ಯಾ ಮಾಲಾ!" ಎಂದು ಕೂಗಿದೆ. "ಸಿನಿಮಾ ಕೆಲಸ ಮಾಡ್ತು! ಅತ್ತೆ, ಧೈರ್ಯ ಬಂತಾ?"

"ಧೈರ್ಯ ಎಲ್ಲಿಂದ ಬರ್ತೈತಪ್ಪಾ, ಕೈಕಾಲು ಇನ್ನೂ ನಡುಗ್ತಾವೆ" ಎಂದರು ಅತ್ತೆ ಕಂಬಕ್ಕೆ. "ಅಂವ ಕಳ್ಳ ಆದ್ರೆ ಇನ್ಸ್‌ಪೆಕ್ಟ್ರು ಅಂದ್ರಿ, ಅವಳು ಹಣೆ ಚಚ್ಕಂಡ್ರೆ ಈಡುಗಾಯಿ ಅಂದ್ರಿ. ಕಣ್ಣಿಲ್ದೆ ಇದ್ರೆ ಸಾಯೋತನಕ ನೀವು ಹೇಳಿದ್ದನ್ನೇ ನಾನು ನೋಡ್ಬೇಕಲ್ಲ! ಅದಕ್ಕಿಂತ ಕತ್ತಿನೇ ವಾಸಿ."