ಮೂರನೇ ಏರಿಗೆ ಮಾತು ಬೇಡ

ನಾನು ಹೊಟ್ಟೆಕಿಚ್ಚಿನ ಮನುಷ್ಯನಲ್ಲ! ಮೂವತ್ತು ವರ್ಷ ಚಳವಳಿ ಮಾಡಿದವನು. ಏಳು ಸಲ ಜೈಲು ಕಂಡವನು, ಲಾಠಿಗೆ ಬೆನ್ನು ಕೊಟ್ಟವನು. ಅಂಥವನು ಒಬ್ಬ ಹಲ್ಲಿನ ಡಾಕ್ಟರನ್ನು ನೋಡಿ ಉರಿದುಕೊಳ್ಳುವುದೇ? ಛೆ! ಅವನ ಬಣ್ಣ ಬಯಲು ಮಾಡಬೇಕೆಂದು ತೀರ್ಮಾನಿಸಿದೆ, ಅಷ್ಟೇ. ಅದು ಪೂರ್ತಿ ತತ್ವದ ಪ್ರಶ್ನೆ.

ಆದದ್ದು ಇಷ್ಟು. ನನ್ನ ಹೆಂಡತಿ ಆಪರೇಷನ್ ಥಿಯೇಟರಿನ ಹೆಡ್ ನರ್ಸ್. ಐವತ್ತೆರಡನೇ ವಯಸ್ಸಿನಲ್ಲಿ ಅವಳಿಗೆ ಟ್ರಯಥ್ಲಾನ್ ಹುಚ್ಚು ಹಿಡಿಯಿತು. ಮೊದಲು ಕೆರೆಯಲ್ಲಿ ಈಜು, ಆಮೇಲೆ ಗುಡ್ಡದ ಮೇಲೆ ಸೈಕಲ್, ಕೊನೆಗೆ ಓಟ. ನಡುವೆ ಕೂತು ಸುಧಾರಿಸಿಕೊಳ್ಳುವಂತಿಲ್ಲ. ನಮ್ಮ ಉಪವಾಸ ಸತ್ಯಾಗ್ರಹದಲ್ಲೂ ಮಲಗಲು ಚಾಪೆ ಕೊಡುತ್ತಿದ್ದರು! ಸೈಕಲ್ ಹಾದಿಯಲ್ಲಿ ಮೂರು ಏರುಗಳಿದ್ದವು. ಅದಕ್ಕೆ ತರಬೇತಿ ಕೊಡುತ್ತೇನೆಂದು ಅವಳ ಆಸ್ಪತ್ರೆಯ ಹಲ್ಲಿನ ಡಾಕ್ಟರ್ ತಾನಾಗಿ ಮುಂದೆ ಬಂದ. ತೊಗಲಿಗೇ ಹೊಲಿದಂಥ ಚಡ್ಡಿ. ನಕ್ಕರೆ ಟ್ಯೂಬ್‌ಲೈಟ್ ಹೊತ್ತಿದಂತೆ ಹಲ್ಲು.

“ಬಾಯ್ತುಂಬ ‘ಅಕ್ಕಾ’ ಅಂತಾನೆ ಕಣ್ರೀ. ನಿಮಗೇನು ಸಂಕಟ?” ಎಂದಳು ಇವಳು.

“ಚಳವಳಿ ಶಿಬಿರದಲ್ಲಿ ನೀನು ನನ್ನ ತಲೆಗೆ ಪಟ್ಟಿ ಕಟ್ತಿದ್ದಾಗ ನಾನೂ ನಿನ್ನ ‘ಸಂಗಾತಿ’ ಅಂತಲೇ ಕರೀತಿದ್ದೆ. ಕೊನೆಗೆ ಏನಾಯ್ತು?”

“ಏನಾಯ್ತು? ಇಪ್ಪತ್ತೇಳು ವರ್ಷದಿಂದ ನಿಮ್ಮ ಬಟ್ಟೆ ಒಗೀತಿದೀನಿ!”

ಶನಿವಾರ ಫ್ರಿಜ್ ಬಾಗಿಲಿನ ಮೇಲೆ ಒಂದು ಚೀಟಿ ಕಂಡಿತು. ಡಾಕ್ಟರುಗಳ ಕೈಬರಹ ಬ್ರಹ್ಮನಿಗೂ ತಿಳಿಯುವುದಿಲ್ಲ ಎನ್ನುತ್ತಾರೆ. ಈ ಪಾಪಿಯದು ಮುತ್ತು ಪೋಣಿಸಿದಂತಿತ್ತು. ‘ಮೊದಲ ಏರು: ಮಾತಾಡುತ್ತಾ ಹೋಗುವುದು. ಎರಡನೇ ಏರು: ಮಾತು ನಿಲ್ಲಬಾರದು. ಮೂರನೇ ಏರು: ಮಾತು ಬೇಡ.’

ಮಾತು ಬೇಡ! ಗಂಡು ಹೆಣ್ಣಿನ ನಡುವೆ ಮಾತು ಬೇಡವಾಗುವ ಹಂತ ಯಾವುದೆಂದು ಮದುವೆಯಾದವನಿಗೆ ಬಿಡಿಸಿ ಹೇಳಬೇಕೆ? ಚೀಟಿ ಕಿತ್ತು ಜೇಬಿಗಿಳಿಸಿದೆ. ಏನೇ ಆಗಲಿ, ಮೂರನೇ ಏರು ಮುಟ್ಟುವುದರೊಳಗೆ ಇಬ್ಬರನ್ನೂ ಹಿಡಿಯಲೇಬೇಕು!

ಭಾನುವಾರ ಬೆಳಿಗ್ಗೆ ಅವರು ಹೊರಟ ಹತ್ತು ನಿಮಿಷಕ್ಕೆ ನನ್ನ ಹಳೇ ಸೈಕಲ್ ಹೊರಗೆಳೆದೆ. ಊರಿನ ಗೋಡೆಗಳಿಗೆಲ್ಲ ಪೋಸ್ಟರ್ ಅಂಟಿಸಿ ಬಂದ ಕಬ್ಬಿಣದ ಕುದುರೆ ಅದು. ಗೇರ್ ಗೀರ್ ಇಲ್ಲ. ಮಡ್‌ಗಾರ್ಡನ್ನು ಬ್ಯಾನರ್ ಹಗ್ಗದಲ್ಲಿ ಕಟ್ಟಿದೆ, ಕ್ಯಾರಿಯರ್ ಮೇಲೆ ಚೆಲ್ಲಿದ ಅಂಟು ಒಣಗಿ ಕಲ್ಲಾಗಿದೆ.

ಮೊದಲ ಏರಿನ ಬುಡಕ್ಕೆ ಬಂದು ತಲೆ ಎತ್ತಿದರೆ, ಎರಡು ತಿರುವು ಮೇಲೆ ಇಬ್ಬರೂ ಜೋಡಿಯಾಗಿ ಹೋಗುತ್ತಿದ್ದಾರೆ. ಇವಳು ನಗುತ್ತಿದ್ದಾಳೆ! ಹಾಗೆ ಹೊಟ್ಟೆ ಹಿಡಿದು ಅವಳು ಕೊನೆಯ ಸಲ ನಕ್ಕದ್ದು ನಾನು ಏಣಿಯಿಂದ ಬಿದ್ದಾಗ.

ರಕ್ತ ಕುದಿಯಿತು. ಮೆರವಣಿಗೆಯಲ್ಲಿ ನನಗೆ ಗೊತ್ತಿದ್ದುದು ಒಂದೇ ಜಾಗ, ಮುಂದಿನ ಸಾಲು. ಸೀಟಿನಿಂದೆದ್ದು ನಿಂತು ತುಳಿದೆ. ಎಡಗಾಲಿಗೆ “ಹಲ್ಲಿನ ಡಾಕ್ಟರಿಗೆ!”, ಬಲಗಾಲಿಗೆ “ಧಿಕ್ಕಾರ!” ಕೂಗುವವನೂ ನಾನೇ, ದನಿಗೂಡಿಸುವ ಜನಸಾಗರವೂ ನಾನೇ! ಒಂದು ತಿರುವು ದಾಟುವಷ್ಟರಲ್ಲಿ ‘ಧಿಕ್ಕಾರ’ ಹೋಗಿ ‘ಧಿಕ್ಕಾ’ ಆಯಿತು. ಇನ್ನೊಂದು ತಿರುವಿಗೆ ‘ಧಿ’. ಆಮೇಲೆ ಬರೀ ಗಾಳಿ.

ಕೋಲೂರಿಕೊಂಡು ನಡೆಯುತ್ತಿದ್ದ ಅಜ್ಜಿಯೊಬ್ಬಳು ನನ್ನನ್ನು ದಾಟಿ ಮುಂದೆ ಹೋದಳು. ತಿರುಗಿ ನೋಡಿ, “ಇಳಿದು ತಳ್ಳಪ್ಪಾ, ಬೇಗ ಮುಟ್ತೀಯ” ಎಂದು ಬುದ್ಧಿ ಬೇರೆ ಹೇಳಿದಳು!

ಎರಡನೇ ಏರನ್ನು ಮೂರು ಸಲ ಹತ್ತಿ ಇಳಿಯುವುದು ಅವರ ಅಭ್ಯಾಸವಂತೆ. ಹಾಗಾಗಿ ಸಿಕ್ಕರು. ತುದಿಯಲ್ಲಿ ನಿಂತು ನೀರು ಕುಡಿಯುತ್ತಿದ್ದರು. ನಾನು ಅಲ್ಲಿ ಸೈಕಲ್ಲಿನಿಂದ ಇಳಿದೆ ಎನ್ನುವುದಕ್ಕಿಂತ ಉದುರಿದೆ ಎನ್ನುವುದು ಸರಿ. ಮೀನಖಂಡ ಗಂಟು ಕಟ್ಟಿತ್ತು, ಮಡ್‌ಗಾರ್ಡ್ ಕಳಚಿ ಚರಂಡಿ ಸೇರಿತು.

“ಅಯ್ಯೋ ಅಣ್ಣಾ, ನೀವಾ!” ಎಂದು ಡಾಕ್ಟರ್ ಓಡಿ ಬಂದ.

ಬಿದ್ದಲ್ಲಿಂದಲೇ ಬೆರಳೆತ್ತಿ ಆರೋಪಪಟ್ಟಿ ಶುರು ಮಾಡಿದೆ. “ನೀ...” ಉಸಿರಿಲ್ಲ. “ನೀವಿ...” ಉಸಿರಿಲ್ಲ! ಸಾವಿರಾರು ಜನರ ಮುಂದೆ ಮೈಕಿಲ್ಲದೆ ಗುಡುಗಿದ ಬಾಯಿ ತೆರೆದದ್ದು ತೆರೆದಂತೆಯೇ ಉಳಿಯಿತು.

ಹೆಂಡತಿ ನನ್ನ ಕೈ ಹಿಡಿದು ಗಡಿಯಾರ ನೋಡಿದಳು. “ನಾಡಿ ನೂರಾ ಎಂಬತ್ತು. ಲಾಠಿ ಚಾರ್ಜ್ ದಿನಾನೂ ಇಷ್ಟಿರಲಿಲ್ಲ.”

ಡಾಕ್ಟರ್ ಬಗ್ಗಿ ಬಾಯೊಳಗೇ ಇಣುಕಿದ. “ಅಣ್ಣಾ, ಹಾಗೇ ತೆಗೆದಿರಿ. ಕೆಳಗೆ ಬಲಗಡೆ ಕೊನೇ ದವಡೆ ಹಲ್ಲು ಹುಳುಕಾಗಿದೆ. ಬುಧವಾರ ಬನ್ನಿ, ಕಿತ್ತುಬಿಡೋಣ.”

ನಡುರಸ್ತೆಯಲ್ಲಿ ಶತ್ರು ನನ್ನ ಹಲ್ಲೆಣಿಸುತ್ತಿದ್ದಾನೆ, ನನಗೆ ಬಾಯಿ ಮುಚ್ಚುವ ಶಕ್ತಿಯೂ ಇಲ್ಲ! ಜೇಬಿನಿಂದ ಚೀಟಿ ತೆಗೆದು ಚಾಚಿದೆ. ಇವಳು ಓದಿದಳು, ನನ್ನ ಮುಖ ನೋಡಿದಳು, ರಸ್ತೆಯ ಮೇಲೇ ಕೂತು ನಕ್ಕಳು.

“ಅದು ದಮ್ಮಿನ ಅಳತೆ ಅಣ್ಣಾ,” ಎಂದ ಡಾಕ್ಟರ್. “ಮೊದಲೆರಡು ಏರಲ್ಲಿ ಆರಾಮಾಗಿ ಮಾತಾಡೋಕೆ ಆಗೋಷ್ಟೇ ತುಳೀಬೇಕು. ಮಾತು ನಿಂತ್ರೆ ದಮ್ಮು ಮೊದಲೇ ಖಾಲಿ ಆಯ್ತು ಅಂತ. ಉಳಿಸ್ಕೊಂಡಿದ್ದನ್ನೆಲ್ಲ ಮೂರನೇ ಏರಿಗೆ ಸುರಿಯೋದು. ಅಲ್ಲಿ ಮಾತಾಡಿದ್ರೆ ಉಸಿರು ದಂಡ.”

ಅರ್ಧ ಬಾಟಲಿ ನೀರು ಇಳಿದ ಮೇಲೆ ನನಗೆ ದನಿ ಬಂತು. “ಸರಿ... ಎರಡು ಏರು ಪೂರ್ತಿ... ಅಷ್ಟೊಂದು ಏನ್ ಮಾತಾಡ್ತೀರಿ?”

ಡಾಕ್ಟರ್ ಥಟ್ಟನೆ ತನ್ನ ಚೈನಿಗೆ ಎಣ್ಣೆ ಬಿಡುವುದರಲ್ಲಿ ಮುಳುಗಿಹೋದ.

“ಅಷ್ಟು ದೂರಕ್ಕೂ ಮುಗೀದೇ ಇರೋ ವಿಷಯ ನನ್ನ ಹತ್ರ ಇರೋದು ಒಂದೇ,” ಎಂದಳು ಇವಳು. “ನೀವು.”

ಎದೆ ಉಬ್ಬಿತು! “ನನ್ನ ಹೋರಾಟದ ದಿನಗಳಾ?”

“ನೀವು ಕುಕ್ಕರ್ ರಿಪೇರಿ ಮಾಡಿ ಗೋಡೆ ಒಡೆದಿದ್ದು. ಹಾಸಿಗೆ ಮೇಲೆ ಒದ್ದೆ ಟವೆಲ್ ಎಸೆಯೋದು. ನಮ್ಮಮ್ಮ ಮಲಗಿದ್ದಾಗ ಭಾಷಣ ಅಭ್ಯಾಸ ಮಾಡಿದ್ದು...”

“ಗೊರಕೆ ಇನ್ನೂ ಬಾಕಿ ಇದೆ ಅಕ್ಕಾ,” ಎಂದ ಡಾಕ್ಟರ್, ತಲೆ ಎತ್ತದೆ.

“ಮತ್ತೆ... ಮೂರನೇ ಏರಿಗೆ?”

ಇವಳು ಸೈಕಲ್ ಹತ್ತಿ ಹೆಲ್ಮೆಟ್ ಪಟ್ಟಿ ಬಿಗಿದಳು. “ಅಲ್ಲಿ ಮಾತು ಬೇಡ ಕಣ್ರೀ. ಅಷ್ಟೊತ್ತಿಗೆ ಎಲ್ಲಾ ನೆನಪಾಗಿ ಎಂಥಾ ಸಿಟ್ಟು ಹತ್ತಿರುತ್ತೆ ಅಂದ್ರೆ, ಕಾಲು ತಾನಾಗೇ ತುಳಿಯುತ್ತೆ!”

ಹೊರಟೇಬಿಟ್ಟಳು. ಡಾಕ್ಟರ್ ಬೆನ್ನಟ್ಟಿದರೂ ನೂರು ಗಜ ಹಿಂದುಳಿದ. ಗುಂಡಿನಂತೆ ಏರು ಹತ್ತುತ್ತಿದ್ದ ಅವಳನ್ನು ಚರಂಡಿಯ ಪಕ್ಕದಲ್ಲಿ ಕೂತು ನೋಡಿದಾಗಲೇ ನನಗೆ ತಿಳಿದದ್ದು, ಅವಳ ತರಬೇತಿಗೆ ನಾನೊಬ್ಬನೇ ಇಪ್ಪತ್ತೇಳು ವರ್ಷ ಎಷ್ಟು ದುಡಿದಿದ್ದೇನೆ ಎಂದು!