ತಣ್ಣಗಿದೆ ಎಂದು ಮಿನುಗಿದ ಹಸಿರು ಪ್ರೋಟೀನಿನ ಮೇಲೊಂದು ತಕರಾರು

ಮಾನ್ಯ ಹಸಿರು ಹೊಳಪಿನ ಪ್ರೋಟೀನ್ ಅವರೇ,

ಸಮುದ್ರದ ಜೆಲ್ಲಿ ಮೀನಿನ ಮೈಯಲ್ಲಿ ಹುಟ್ಟಿ, ಲೋಕದ ಪ್ರಯೋಗಾಲಯಗಳನ್ನೆಲ್ಲ ಸುತ್ತಿ, ಕೊನೆಗೆ ಹೆಬ್ಬಾಳದ ಮೇಲ್ಸೇತುವೆಯ ಟ್ರಾಫಿಕ್ಕನ್ನೂ ಗೆದ್ದು ನಮ್ಮ ಪುಟ್ಟ ಲ್ಯಾಬಿಗೆ ದಯಮಾಡಿಸಿದ ತಮ್ಮ ಪಾದಗಳಿಗೆ, ಪಾದಗಳಿಲ್ಲವಾದ್ದರಿಂದ ತಮ್ಮ ಹೊಳಪಿಗೆ, ಇಲ್ಲೇ ಹೆಬ್ಬಾಳದ ಆಚೆಯ ಸಿಂಗಾಪುರದ ಚಿಕ್ಕಹನುಮಯ್ಯನವರ ಮಗಳು ರಮ್ಯ ಮಾಡುವ ನಮಸ್ಕಾರಗಳು. ಇಲ್ಲಿ ನಾವೆಲ್ಲ ಕ್ಷೇಮ. ತಾವೂ ಫ್ರೀಜರಿನಲ್ಲಿ ತಣ್ಣಗೆ ಕ್ಷೇಮವಾಗಿರುವಿರೆಂದು ನಂಬಿದ್ದೇನೆ. ಆದರೂ ಈ ಎರಡು ಸಾವಿರದ ಹದಿನೈದನೆಯ ಇಸವಿಯಲ್ಲಿ ತಾವು ನನಗೆ ಮಾಡಿದ್ದನ್ನು ನಾಲ್ಕು ಜನರ ಮುಂದಿಡದೆ ವಿಧಿಯಿಲ್ಲ.

ನನ್ನ ಕೆಲಸ ತಮಗೆ ಗೊತ್ತಿರುವಂಥದ್ದೇ, ಓದುವವರಿಗಾಗಿ ಹೇಳುತ್ತೇನೆ. ಇಲಿಯ ಹೃದಯದ ಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಸಾಕಿ, ಯಾವ ಔಷಧಿಗೆ ಅವುಗಳ ಮಿಡಿತ ಹೇಗೆ ಬದಲಾಗುತ್ತದೆಂದು ಸೂಕ್ಷ್ಮದರ್ಶಕದಲ್ಲಿ ನೋಡುವುದು. ಬೆಚ್ಚಗಿನ ಪೆಟ್ಟಿಗೆಯಲ್ಲಿದ್ದಾಗ ಚುರುಕಾಗಿ ಮಿಡಿಯುತ್ತಿದ್ದ ಕೋಶಗಳು, ಸೂಕ್ಷ್ಮದರ್ಶಕಕ್ಕೆ ಬಂದ ಸ್ವಲ್ಪ ಹೊತ್ತಿಗೆಲ್ಲ ಭಾನುವಾರ ಮಧ್ಯಾಹ್ನ ಮುದ್ದೆ ಉಂಡವರ ಹಾಗೆ ತೂಕಡಿಸುತ್ತಿದ್ದವು. ತಟ್ಟೆಯನ್ನು ಬೆಚ್ಚಗಿಡುವ ಲೋಹದ ಮಣೆಯ ಮೇಲೆ ಮಾತ್ರ ಕೆಂಪು ಅಂಕಿಗಳು ಮೂವತ್ತೇಳು ಡಿಗ್ರಿ, ಅಂದರೆ ಸರಿಯಾದ ಮೈಬಿಸಿ, ಎಂದು ಎದೆ ಸೆಟೆಸಿ ನಿಂತಿರುತ್ತಿದ್ದವು.

ನಮ್ಮ ಲ್ಯಾಬಿನ ಮುಖ್ಯಸ್ಥರಾದ ಸಿದ್ರಾಮಪ್ಪ ಸರ್ ಅದನ್ನು ನೋಡಿ, "ಯಂತ್ರ ಸರಿಯಾಗಿದೆ, ಕೋಶ ಸರಿಯಾಗಿದೆ. ಇನ್ನು ಉಳಿದಿದ್ದು ನಿನ್ನ ಕೈಗುಣ ಕಣಮ್ಮ" ಎಂದು ಎಲ್ಲರೆದುರು ಅಪ್ಪಣೆ ಕೊಡಿಸಿ, ಪರಿಶೀಲನಾ ಸಮಿತಿ ಬಂದು ಹೋದ ಮೇಲೆ ಈ ಕೆಲಸವನ್ನು ಪಕ್ಕದ ಮೇಜಿನ ಗಯಾಸ್‌ಗೆ ಕೊಡುವುದಾಗಿ ಸಾರಿದರು. ಮೂರು ವರ್ಷದ ನನ್ನ ದುಡಿಮೆ ಹಾಗೆ ಪಕ್ಕದ ಮೇಜಿಗೆ ಹೊರಟು ನಿಂತಿತು. ಮನೆಯಲ್ಲಿ ನಮ್ಮಮ್ಮ ನನ್ನ ಮುಖ ನೋಡಿ, "ಇಲಿ ಗುಂಡಿಗೆ ಬಡ್ಕೊಳ್ಳೋದು ಅಂಗಿರ್ಲಿ, ನಿನ್ ಗುಂಡಿಗೆ ಯಾಕೆ ಇಂಗೆ ಬಡ್ಕೊಂತೈತೆ?" ಎಂದರು.

ಕೋಶಗಳ ಬಿಸಿಯನ್ನೇ ಅಳೆದುಬಿಡೋಣವೆಂದರೆ, ಥರ್ಮಾಮೀಟರಿನ ತುದಿ ಕೋಶದ ಪಕ್ಕದಲ್ಲಿ ನಂದಿ ಬೆಟ್ಟದಂತೆ ಕಾಣುತ್ತದೆ. ಆಗಲೇ ತಾವು ನೆನಪಾದಿರಿ. ಬಿಸಿಯಾದರೆ ಮಂಕಾಗುವುದು, ತಣ್ಣಗಾದರೆ ಬೆಳಗುವುದು ತಮ್ಮ ಸ್ವಭಾವವಾದ್ದರಿಂದ ತಮ್ಮನ್ನು ಕೋಶಗಳ ಒಳಗೇ ಪ್ರತಿಷ್ಠಾಪಿಸಿ, ಯಾವ ಬಿಸಿಗೆ ಎಷ್ಟು ಹೊಳಪೆಂದು ಮೊದಲು ಪರೀಕ್ಷಿಸಿಕೊಂಡು, ಆಮೇಲೆ ತಟ್ಟೆಯನ್ನು ಮಣೆಯ ಮೇಲಿಟ್ಟೆ. ತಾವು ಮೆಲ್ಲಗೆ ಬೆಳಗುತ್ತ ಹೋಗಿ ಮೂವತ್ತಮೂರು ಡಿಗ್ರಿಯ ಹೊಳಪಿಗೆ ನಿಂತಿರಿ.

ಸ್ವಾಮಿ, ನನ್ನ ಮೊದಲ ಆಕ್ಷೇಪವೇ ಇದು. ಸತ್ಯ ಹೇಳುವವರು ಇಷ್ಟು ಸಂಕೋಚಪಡಬಾರದು. ಕೆಂಪು ಅಂಕಿ ಇಲ್ಲ, ಬೀಪ್ ಶಬ್ದವಿಲ್ಲ, ಕಂಪನಿಯ ಮೊಹರಿಲ್ಲ. ಕತ್ತಲಲ್ಲಿ ಕೂತು ಹಸಿರಾಗಿ ಹೊಳೆದರೆ ಯಾರು ನಂಬುತ್ತಾರೆ? "ಫಾರಿನ್ ಮಷೀನ್ ನಂಬಲೋ, ಮೀನಿನ ಮಾತು ನಂಬಲೋ?" ಎಂದು ಸರ್ ಕೇಳಿದಾಗ ಲ್ಯಾಬೇ ನಕ್ಕಿತು. ತಾವು ಮಾತ್ರ ಮೂವತ್ತಮೂರನ್ನೇ ಹಿಡಿದು ಕೂತಿರಿ. ನಾನು ತಮ್ಮನ್ನು ಹಿಡಿದು ಕೂತೆ.

ಮರುದಿನ ಕ್ಯಾಂಟೀನಿನಲ್ಲಿ ಕಡಪ ಕಲ್ಲಿನ ಮೇಲೆ ಇಟ್ಟು ಮರೆತ ಸ್ಟೀಲ್ ಲೋಟದ ಕಾಫಿ ಕುಡಿಯಲು ಹೋದರೆ, ತಳವೆಲ್ಲ ತಣ್ಣಗೆ. ಕಲ್ಲು ಬಿಸಿಯನ್ನು ಹೀರಿತ್ತು. ನಮ್ಮ ತಟ್ಟೆಯ ಅಡಿಗೂ, ಮಣೆಯ ನಡುವಿನ ತೂತಿನಲ್ಲಿ, ಒಂದು ಹನಿ ಎಣ್ಣೆಯ ಮೂಲಕ ಸೂಕ್ಷ್ಮದರ್ಶಕದ ತಣ್ಣನೆಯ ಲೋಹದ ಕವಚದ ಲೆನ್ಸ್ ಅಂಟಿಕೊಂಡೇ ಇರುತ್ತದಲ್ಲವೇ! ಕಾಫಿ ಬಿಟ್ಟು ಎದ್ದು ಓಡಿದೆ. ಲೆನ್ಸಿಗೆ ಸುತ್ತಲು ಕರೆಂಟಿನ ಬಿಸಿಪಟ್ಟಿಯನ್ನು ಮೇಲಿನ ಮಹಡಿಯಿಂದ ಕಾಡಿ ಬೇಡಿ ತಂದುಕೊಟ್ಟವನು ಗಯಾಸ್. "ನಿನ್ನ ಕೆಲಸ ನಂಗೆ ಬೇಡ ಕಣೇ, ಈ ಹಾಳು ಇಲಿಗಳನ್ನ ನೀನೇ ಇಟ್ಕೋ" ಎಂದ. ಪಟ್ಟಿ ಕೈಗೆ ಸಿಗುವ ಹೊತ್ತಿಗೆ ಸಮಿತಿಯವರು ಬಾಗಿಲಲ್ಲಿದ್ದರು.

ಸಮಿತಿಯ ಹಿರಿಯರಾದ ಕಲಾವತಿ ಮೇಡಂ ತೂಕಡಿಸುವ ಕೋಶಗಳನ್ನು ನೋಡಿ ಹುಬ್ಬೇರಿಸಿದರು. ಸರ್ ಗಂಟಲು ಸರಿಮಾಡಿಕೊಂಡರು. ಅಷ್ಟರಲ್ಲಿ ನಾನೇ ಬಾಯಿಬಿಟ್ಟೆ: "ಮಣೆ ತನ್ನ ಬಿಸಿ ಹೇಳ್ತಿದೆ ಮೇಡಂ, ಕೋಶದ ಬಿಸಿ ಹೇಳ್ತಿಲ್ಲ. ಲೆನ್ಸು ಹೀರ್ಕೊಳ್ತಿದೆ."

"ತೋರ್ಸಮ್ಮ" ಎಂದರು ಅವರು, ಅಷ್ಟೇ.

ಲೆನ್ಸಿಗೆ ಪಟ್ಟಿ ಸುತ್ತಿ ಸ್ವಿಚ್ ಹಾಕಿದೆ. ಎಷ್ಟೋ ಹೊತ್ತು ಏನೂ ಆಗಲಿಲ್ಲ. ಯಾರೋ ಕೆಮ್ಮಿದರು. ಆಮೇಲೆ ಪರದೆಯ ಮೇಲೆ ತಾವು ಒಂದಿಷ್ಟೇ ಮಂಕಾದಿರಿ, ಇನ್ನಷ್ಟು ಮಂಕಾದಿರಿ. ಕೋಶಗಳು ಒಂದೊಂದಾಗಿ ಎಚ್ಚೆತ್ತು, ಬಸ್ ತಪ್ಪಿಸಿಕೊಂಡವರಂತೆ ದಡಬಡ ಮಿಡಿಯತೊಡಗಿದವು. ಕಲಾವತಿ ಮೇಡಂ ಕುರ್ಚಿ ಎಳೆದುಕೊಂಡು ಕೂತು, "ಇದು ಈ ಹುಡುಗೀದೇ ಕೆಲಸ ತಾನೇ? ಇವಳೇ ಮುಗಿಸಲಿ" ಎಂದರು. ಸಿದ್ರಾಮಪ್ಪ ಸರ್ ಅವರು ಗಂಭೀರವಾಗಿ, "ಲೆನ್ಸ್ ಮೇಲೆ ನಂಗೆ ಮೊದಲಿಂದ್ಲೂ ಅನುಮಾನ ಇತ್ತು" ಎಂದರು. ನಾನು ಹೊರಗೆ ಬಂದು, ಕೈತೊಳೆಯುವ ನಲ್ಲಿ ಬಿಟ್ಟುಕೊಂಡು, ಅದರ ಸದ್ದಿನಲ್ಲಿ ಮನಸಾರೆ ಅತ್ತೆ.

ಎರಡನೆಯ ಆಕ್ಷೇಪ ಅಂದಿನಿಂದ ಶುರುವಾಗಿದೆ. ಕಟ್ಟಡದಲ್ಲಿ ಯಾರ ಪ್ರಯೋಗ ಕೆಟ್ಟರೂ ಈಗ ಬಿಸಿಯದ್ದೇ ತಪ್ಪು. ತಮ್ಮಿಂದ ನಿರಪರಾಧಿ ಎನಿಸಿಕೊಳ್ಳಲು ಬಂದವರ ಸಾಲು ನನ್ನ ಮೇಜಿನಿಂದ ಮೆಟ್ಟಿಲವರೆಗೆ ನಿಂತಿದೆ. ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ, ಇನ್ನು ಮುಂದೆ ಕನ್ನಡದಲ್ಲಿ, ಗಟ್ಟಿಯಾಗಿ, ಎರಡು ಸಲ ಹೇಳುವ ಅಭ್ಯಾಸ ಮಾಡಿಕೊಳ್ಳಬೇಕು, ಬಿಡುವಾದಾಗ ಆರ್.ಟಿ. ನಗರದಲ್ಲಿರುವ ನಮ್ಮ ದೊಡ್ಡಮ್ಮನ ಮನೆಯ ಗೀಸರಿಗೂ ಇಳಿದು, ತಣ್ಣೀರನ್ನೂ ಬಿಸಿಯೆನ್ನುವ ಅದರ ಕೆಂಪು ದೀಪದ ಬಣ್ಣ ಬಯಲು ಮಾಡಬೇಕೆಂದು ಪ್ರಾರ್ಥಿಸುವ,

ಬೆಳಗಿದರೂ ಮಂಕಾದರೂ ತಮ್ಮ ಮಾತನ್ನೇ ನೆಚ್ಚಿದ
ತಮ್ಮ ವಿಶ್ವಾಸಿ,
ರಮ್ಯ

ವಿ.ಸೂ.: ಸಿದ್ರಾಮಪ್ಪ ಸರ್ ಈಗ ಬಂದವರಿಗೆಲ್ಲ ತಮ್ಮನ್ನು "ನಮ್ಮ ಪ್ರೋಟೀನ್" ಎಂದು ಪರಿಚಯಿಸುತ್ತಿದ್ದಾರೆ. ಸ್ವಲ್ಪ ಹುಷಾರಾಗಿರಿ. ನನ್ನನ್ನೂ "ನಮ್ಮ ಹುಡುಗಿ" ಎನ್ನತೊಡಗಿದ್ದಾರೆ.